ಜೇನು ಬೆರೆಸದ ಟೀ

ಕೆರಗೋಡಿನ ಮರಿಲಿಂಗಯ್ಯ ಮೂವತ್ತು ವರ್ಷದಿಂದ ಆಲೆಮನೆಯಲ್ಲಿ ಬೆಲ್ಲ ಕಾಯಿಸುವವರು. ಬರೀ ವಾಸನೆಯಿಂದಲೇ ಪಾಕ ಬಂದಿದೆಯೋ ಇಲ್ಲವೋ ಹೇಳಿಬಿಡುತ್ತಿದ್ದರು. ಹೆಂಡತಿ ಸಾಕಮ್ಮ ಮದ್ದೂರಿನ ತಮ್ಮನ ಮನೆಯಲ್ಲಿ ಕುಡಿದ ಟೀಯ ಜೇನಿನಂಥ ಪರಿಮಳವನ್ನು ಮೂರು ದಿನ ಹೊಗಳಿದಾಗ ಅವರಿಗೆ ಹೊಟ್ಟೆ ಉರಿಯಿತು. ಅವರ ಬೆಲ್ಲವನ್ನು ಆಕೆ ಒಂದು ದಿನವೂ ಹಾಗೆ ಹೊಗಳಿರಲಿಲ್ಲ.

“ಜೇನು ಬೆರ್ಸವ್ನೆ ಬುಡು, ನಾನೇ ಬಂದು ನೋಡ್ತೀನಿ ನಡಿ,” ಎಂದು ಭಾನುವಾರ ಅವಳೊಂದಿಗೆ ಬಸ್ಸು ಹತ್ತಿದರು.

ಬಾಮೈದ ಶಿವರಾಜು ಗೆಜ್ಜಲಗೆರೆಯ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ಅಲ್ಲಿಗೆ ಬಂದಿದ್ದ ತೈವಾನಿನ ಎಂಜಿನಿಯರ್ ಕೊಟ್ಟ ಪೊಟ್ಟಣ ಬಿಚ್ಚಿ, ಬಾವನ ಕಣ್ಣೆದುರೇ ಬರೀ ಬಿಸಿನೀರಿಗೆ ಎಲೆ ಹಾಕಿದ. ಲೋಟದಿಂದ ಜೇನಿನ ಘಮ ಎದ್ದಿತು.

“ಎಲೆಗೆ ಸಣ್ಣ ಹುಳ ಕಚ್ಚಿದ್ರೆ ಇಂಗೆ ವಾಸ್ನೆ ಬತ್ತದಂತೆ ಬಾವ.”

“ನಮ್ ಕಬ್ಬಿಗೆ ಹುಳ ಬಿದ್ರೆ ಬೆಲ್ಲ ಕೆಡ್ತದೆ, ಅವರ ಎಲೆಗೆ ಬಿದ್ರೆ ಜೇನಾ? ಇದ್ಯಾವ ನ್ಯಾಯ ಕಣ್ಲಾ!”

ಮರಿಲಿಂಗಯ್ಯ ಒಂದು ಗುಟುಕು ಕುಡಿದರು. ತೆಳು ಸಿಹಿ ನುಂಗಿದ ಮೇಲೂ ಗಂಟಲಲ್ಲಿ ಉಳಿಯಿತು. ತಪ್ಪು ಹುಡುಕಲು ಇನ್ನೊಂದು ಗುಟುಕು ಕುಡಿದರು, ಸಿಗಲಿಲ್ಲ.

ಸಾಕಮ್ಮ ಗಂಡನೇ ಕಾಯಿಸಿದ ಬೆಲ್ಲದ ಚೂರು ಹಾಕಲು ಬಂದಾಗ ಅವರು ಲೋಟಕ್ಕೆ ಅಂಗೈ ಅಡ್ಡ ಹಿಡಿದರು.

“ಬ್ಯಾಡ, ರುಚಿ ಕೆಟ್ಟೋಯ್ತದೆ.”

ಆ ಮಾತು ತಮ್ಮ ಬಾಯಿಂದಲೇ ಬಂತಲ್ಲ ಎಂದು ಅವರ ಹೊಟ್ಟೆ ಮತ್ತಷ್ಟು ಉರಿಯಿತು.