ಶಾರದಾಳ ಫ್ರಿಜ್ ಖಾಲಿ ಮಾಡಲು ಬಿಡುವುದಿಲ್ಲ

ಬೆಳಗ್ಗೆ ಫೋನ್ ಬಂತು. ಶಾರದಾ ಮೇಡಂ ಹೋಗಿಬಿಟ್ಟರು ಅಂದರು...
ಎಲ್ಲಿಗೆ ಅಂತ ಕೇಳಿದೆ.
ನಿಜವಾಗಿಯೂ ಕೇಳಿದೆ. ಭಾನುವಾರ ಬಂದರೆ ಅವಳು ಕೈವಾರದ ಕಡೆಯ ಹಳ್ಳಿಗೆ ಹೋಗುವವಳೇ...
ಹೃದಯಾಘಾತವಂತೆ. ನಿದ್ದೆಯಲ್ಲೇ ಅಂತೆ.

ಚಿಂತಾಮಣಿಯ ನಮ್ಮ ಕಾಲೇಜಿನಲ್ಲಿ ಅವಳು ಬಯೋಕೆಮಿಸ್ಟ್ರಿ, ನಾನು ಕನ್ನಡ.
ಅವಳ ಪಿಎಚ್.ಡಿ. ಲೈಸೀನ್ ಮೇಲೆ... ದೇಹ ತಾನೇ ತಯಾರಿಸಿಕೊಳ್ಳಲಾರದ, ಊಟದಿಂದಲೇ ಬರಬೇಕಾದ ಅಮೈನೋ ಆಮ್ಲ.
ರಾಗಿಯಲ್ಲಿ ಕಮ್ಮಿ, ಅವರೆಕಾಳಿನಲ್ಲಿ ಧಾರಾಳ.
ಮುದ್ದೆಗೆ ಅವರೆಸಾರು ಸೇರಿದರೆ ದೇಹ ಎಷ್ಟು ಉಳಿಸಿಕೊಳ್ಳುತ್ತದೆ, ಎಷ್ಟು ಹೊರಹಾಕುತ್ತದೆ... ಇದೇ ಅವಳ ಪ್ರಶ್ನೆ.
ಗೈಡ್ ಯಾರು ಅಂತ ಯಾರಾದರೂ ಕೇಳಿದರೆ, "ಅವರೇ" ಅನ್ನುತ್ತಿದ್ದೆ ನಾನು.

ಅದಕ್ಕೆ ಒಬ್ಬೊಬ್ಬರ ಇಡೀ ದಿನದ ಮೂತ್ರ ಬೇಕು. ಐದು ಲೀಟರ್ ಕ್ಯಾನ್ ಹಿಡಿದು ಆ ಹಳ್ಳಿಯ ಮನೆಮನೆ ಹತ್ತಿದಳು.
ಸ್ಟಾಫ್ ರೂಮ್ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಾನು.

ಇಡೀ ಊರು ಮುಗಿದ ಮೇಲೆ ವೆಂಕಟಮ್ಮ ಎಂಬ ಅಜ್ಜಿ ಪ್ರೀತಿಯಿಂದ ಹೇಳಿದರು...
"ನಂದು ಸ್ವಲ್ಪ ಕಮ್ಮಿ ಆಯ್ತಮ್ಮ, ನಮ್ಮೆಜಮಾನ್ರದ್ದೂ ಸೇರಿಸ್ಬಿಟ್ಟೆ. ಡೇರಿಗೆ ಎರಡು ಹಸೂದೂ ಒಂದೇ ಕ್ಯಾನಿಗೆ ಹಾಕಲ್ವಾ?"
ವಿಚಾರಿಸಿದರೆ ಮುಕ್ಕಾಲು ಊರು ಹಾಗೇ ಮಾಡಿತ್ತು. ಮೇಡಮ್ಮನಿಗೆ ಕಮ್ಮಿ ಕೊಡುವುದು ಮರ್ಯಾದೆಯೇ?

ಬಿಡಮ್ಮ, ಯಾರಿಗೆ ಗೊತ್ತಾಗುತ್ತೆ ಅಂದರು ಸೀನಿಯರ್ ಒಬ್ಬರು.
"ನನಗೆ ಗೊತ್ತಾಗೋಯ್ತಲ್ಲ ಸಾರ್" ಅಂದಳು.
ಎರಡು ವರ್ಷದ ಅಂಕಿಗಳನ್ನು ಹೊಡೆದುಹಾಕಿ, ಮತ್ತೆ ಮೊದಲ ಮನೆಯಿಂದ ಶುರು ಮಾಡಿದಳು.

ಶಾರದಾ...
ನಿನ್ನ ಕ್ಯಾನಿಗೆ ನಾನಿಟ್ಟ ಅಡ್ಡಹೆಸರು ಒಂದನ್ನೂ ವಾಪಸ್ ತಗೊಳ್ಳಲ್ಲ ಕಣೇ. ನೀನೂ ನಕ್ಕಿದ್ದೆ.
ಆದರೆ ಇವತ್ತು, ನಿನ್ನನ್ನು ಮನೆಯಿಂದ ಎತ್ತುವ ಮೊದಲೇ, ವಾಟ್ಸಾಪ್ ಗ್ರೂಪಿನಲ್ಲಿ ಒಬ್ಬರು ಕೇಳಿದರು... ನಿನ್ನ ಸ್ಯಾಂಪಲ್‌ಗಳಿರುವ ಲ್ಯಾಬಿನ ಫ್ರಿಜ್ ಇನ್ನು ಖಾಲಿ ಮಾಡಬಹುದಲ್ವಾ ಅಂತ.

ಮಾಡುವ ಹಾಗಿಲ್ಲ.
ಕೀ ನನ್ನ ಹತ್ತಿರ ಇದೆ.
ಬೇಕಾದವರು ಬಂದು ಕೇಳಲಿ.

ಟೆಸ್ಟ್‌ಗಳನ್ನು ನಿನ್ನ ಸ್ಟೂಡೆಂಟ್ ನೂರ್ ಮಾಡುತ್ತಾಳೆ. ಬಾಕಿ ಇರುವ ಒಂಬತ್ತು ಮನೆಗೆ ಕ್ಯಾನ್ ಹೊರುವವಳು ನಾನು. ಕನ್ನಡ ಎಂ.ಎ.ಗೆ ಕೊನೆಗೂ ಒಂದು ಪ್ರಾಕ್ಟಿಕಲ್ ಸಿಕ್ಕಿತು...

ಆ ಒಂಬತ್ತರಲ್ಲಿ ಒಂದು ವೆಂಕಟಮ್ಮನದು; ಅವರಿಗೂ ಫೋನ್ ಮಾಡಿ ಹೇಳಿದೆ.
ಮೇಡಮ್ಮಾ ಅಂತ ಅತ್ತರು. ಆಮೇಲೆ ಕೇಳಿದರು...
"ಈ ಸಲ ನಂದೊಂದೇ ತಾನೇನಮ್ಮ?"
ಹೂಂ ಅಜ್ಜಿ. ನಿಮ್ಮದೊಂದೇ.

ಹೋಗಿ ಬಾ ಶಾರದಾ.
ನಿನ್ನ ಜೀವ ತಣ್ಣಗಿರಲಿ...
ಅಂಕಿ ತಪ್ಪಿದರೆ ಮಾತ್ರ ಎದ್ದು ಬಂದು ಬೈಯಿ.