ಮನೋಳಿಯಲ್ಲಿ ನಿಂತ ಚಿಕ್ಕಿ

ದೆವ್ವ, ಹಾರುವ ತಟ್ಟೆ ಎಂದು ಯಾರಾದರೂ ಮಾತು ತೆಗೆದರೆ ಎದ್ದು ಹೋಗುವ ಮನುಷ್ಯ ನಾನು. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟು, ಗಾರೆಯ ಕರಣೆ ಹಿಡಿದು ಗೌಂಡಿಯಾದವನು. ಕೈಗೆ ಸಿಗದ್ದನ್ನು ನಂಬಲು ಪುರುಸೊತ್ತೂ ಇರಲಿಲ್ಲ. ಈಗಲೂ ನಂಬುತ್ತೇನೆಂದಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ, ಓದಿದವರು ತೀರ್ಮಾನಿಸಿಕೊಳ್ಳಲಿ.

ಎಪ್ಪತ್ತರ ದಶಕದ ನಡುವಿನ ಮಾತು. ಮನೋಳಿಯಲ್ಲಿ ಹೊಳೆಯ ಹತ್ತಿರ ಶಾಲೆಯ ಕೋಣೆ ಕಟ್ಟುತ್ತಿದ್ದೆ. ಹೊತ್ತು ಮುಳುಗಿತ್ತು. ಕಲಸಿದ ಸಿಮೆಂಟು ಉಳಿದಿತ್ತು, ಬೆಳಗಿನತನಕ ಇಟ್ಟರೆ ಕಲ್ಲಾಗುತ್ತದೆ. ಮೂಲೆಯಲ್ಲಿ ಮೂರು ಸಾಲು ಇಟ್ಟಂಗಿ ಏರಿಸಿಬಿಡೋಣವೆಂದು ಅಟ್ಟಣಿಗೆಯ ಮೇಲಿದ್ದೆ. ಕೆಳಗೆ ಬುಟ್ಟಿ ಹೊರುತ್ತಿದ್ದ ಬಸವ್ವ ಕೂಗಿದಳು: "ಮೇಸ್ತ್ರೀ, ಮ್ಯಾಲ ನೋಡ್ರಿ! ಚಿಕ್ಕಿ ನಡ್ಯಾಕ ಹತ್ತೈತಿ!"

ನಕ್ಷತ್ರದಂಥ ಒಂದು ಬೆಳಕು ಸದ್ದಿಲ್ಲದೆ ಬಂದು ಹೊಳೆಯ ಮೇಲೆ ನಿಂತಿತು. ಮಿನುಗಲಿಲ್ಲ. ಗಾಳಿಯೂ ಇರಲಿಲ್ಲ. ಆದರೆ ಗೋಡೆ ನೆಟ್ಟಗಿದೆಯೇ ಎಂದು ನೋಡಲು ಇಳಿಬಿಟ್ಟ ನನ್ನ ತೂಗುಗುಂಡಿನ ದಾರ ಗೋಡೆ ಬಿಟ್ಟು ಹೊಳೆಯ ಕಡೆಗೆ ಓರೆಯಾಗಿ ನಿಂತಿತ್ತು; ಅಲುಗಾಡದೆ, ಯಾರೋ ಹಿಡಿದು ಎಳೆದ ಹಾಗೆ. ಗೋಡೆಗಿಂತ ಗುಂಡನ್ನು ನಂಬಬೇಕೆಂದು ಕಲಿತವನು ನಾನು. ಕೆಳಗಿನ ಗೋಡೆಯೇ ತಪ್ಪಿರಬೇಕೆಂದು ದಾರಕ್ಕೆ ಸರಿಯಾಗಿ ಮೂರು ಸಾಲು ಇಟ್ಟೆ. ಮುಗಿಯುವಾಗ ಬೆಳಕು ಮತ್ತೆ ನಡೆದು ಮಾಯವಾಯಿತು.

ಬೆಳಗ್ಗೆ ದಾರ ನೆಟ್ಟಗಿತ್ತು. ಮೂರು ಸಾಲು ಮಾತ್ರ ಒಂದು ಬೆರಳು ಹೊಳೆಯ ಕಡೆ ವಾಲಿದ್ದವು. "ಕುಡದ ಕಟ್ಟೀಯೇನೋ?" ಎಂದು ಗುತ್ತಿಗೆದಾರ ನಕ್ಕ. ನಾನು ಹನಿ ಮುಟ್ಟಿದವನಲ್ಲ.

ಅದು ಬಾಂಬು ಎಂದು ಊರಲ್ಲಿ ಗುಲ್ಲೆದ್ದದ್ದರಿಂದ ಎರಡು ದಿನದಲ್ಲಿ ಬೆಳಗಾವಿಯಿಂದ ಒಬ್ಬ ಸಾಹೇಬರು ವಿಚಾರಣೆಗೆ ಬಂದರು. ಅದು ಉಪಗ್ರಹ ಎಂದರು. "ನಮಗ ಸೂರ್ಯಾ ಮುಳುಗಿರ್ತಾನ, ಅಷ್ಟ ಎತ್ತರಕ್ಕ ಇನ್ನೂ ಬಿಸಲ ಇರ್ತೈತಿ. ಅದಕ್ಕ ಹೊಳೀತೈತಿ." ಅವರು ಹೇಳಿದ ಹೊತ್ತಿಗೇ ಆ ಸಂಜೆ ಒಂದು ಬೆಳಕು ಹಾದುಹೋಯಿತು. ಊರು ನಿರಾಳವಾಯಿತು. ಆದರೆ ಇದು ಅವತ್ತಿನ ಹಾಗೆ ಹೊಳೆಯ ಮೇಲೆ ನಿಲ್ಲಲಿಲ್ಲ.

ಸಹಿಗೆಂದು ಸಾಹೇಬರು ನನ್ನ ಹೇಳಿಕೆಯ ಕಾಗದ ಓದಿಸಿದರು. ಬೆಳಕು ನಿಂತಂತೆ ಕಂಡದ್ದು ಗೌಂಡಿಯ ಕಣ್ಣಿನ ದೋಷ ಎಂದಿತ್ತು.

"ಸಾಹೇಬ್ರ, ಕಣ್ಣು ನೆಟ್ಟಗಿಲ್ಲದ ಗೌಂಡಿಗೆ ಯಾರ ಗ್ವಾಡಿ ಕಟ್ಟಾಕ ಕೊಡ್ತಾರ್ರಿ? ನನ್ನ ಹೊಟ್ಟಿ ಮ್ಯಾಲ ಬರೀಬ್ಯಾಡ್ರಿ. ಸಹಿ ಮಾಡೂದಿಲ್ಲ."

ಅವರು ಸಿಟ್ಟಾಗಲಿಲ್ಲ. ಲಾಟೀನು ತರಿಸಿ ತಾವೇ ಅಟ್ಟಣಿಗೆ ಹತ್ತಿ, ದಾರ ಇಳಿಬಿಟ್ಟು ಬಹಳ ಹೊತ್ತು ನೋಡಿದರು. "ಎಷ್ಟ ಹೊತ್ತ ನಿಂತಿತ್ತವ್ವಾ?" ಎಂದು ಬಸವ್ವನನ್ನು ಕೇಳಿದರು.

"ಇವರು ಮೂರ ಸಾಲ ಇಡೂ ತನಾ ನಿಂತಿತ್ರಿ. ನಾ ಬುಟ್ಟಿ ಹೊತ್ತಾಕಿ, ನಂಗ ಗೊತ್ತಿಲ್ಲೇನ್ರಿ?"

ಇಳಿದು ಬಂದು ಕಾಗದದಲ್ಲಿ ಕಣ್ಣಿನ ದೋಷದ ಮಾತನ್ನು ಹೊಡೆದು ಹಾಕಿದರು. ಉಪಗ್ರಹ ಎಂಬುದು ಉಳಿಯಿತು. ಸಹಿ ಮಾಡಿದೆ. ವಾಲಿದ ಗೋಡೆ ನನ್ನ ಹೆಸರಿನಲ್ಲಿ ಉಳಿಯಬಾರದೆಂದು ಇಟ್ಟಂಗಿಗಳನ್ನು ನಾನೇ ಕಿತ್ತೆ.

ಜೀಪು ಹತ್ತುವಾಗ ಅವರು ಮೆಲ್ಲಗೆ ಹೇಳಿದರು: "ಇಲ್ಲೇ ಹತ್ತರ ಯರಗಟ್ಟಿ ಊರಾಗ ಒಬ್ಬ ಅಕ್ಕಸಾಲಿಗ ಅದಾನ. ಅವತ್ತ ಸಂಜೀಕ ಅವನ ಖಾಲಿ ತಕ್ಕಡಿ ಒಂದ ಕಡೆ ವಾಲಿ ನಿಂತಿತ್ತಂತ."

"ಅದನ್ನ್ಯಾಕ ಬರೀಲಿಲ್ರಿ?"

"ಬರದ್ರ ನನಗೂ ಕಣ್ಣ ತೋರಿಸ್ಕೋ ಅಂತಾರ, ಮೇಸ್ತ್ರಿ."

ಆಮೇಲೆ ಯರಗಟ್ಟಿಯಲ್ಲಿ ಎಷ್ಟೋ ಮನೆ ಕಟ್ಟಿದೆ. ಆ ಅಕ್ಕಸಾಲಿಗನ ಅಂಗಡಿಯ ಮುಂದೆಯೇ ಬಸ್ಸಿಗೆ ನಿಲ್ಲುತ್ತಿದ್ದೆ. ಒಂದು ದಿನವೂ ಒಳಗೆ ಹೋಗಿ ಕೇಳಲಿಲ್ಲ. ಯಾಕೆಂದು ನನಗೂ ತಿಳಿಯದು.