ಗೆಜ್ಜೆಗೆ ಸುತ್ತಿದ ಟವಲು

ತಾತನ ಹಿಮ್ಮಡಿಯ ಬಿರುಕುಗಳು ನಾಲ್ಕಾಣೆ ಬಿಲ್ಲೆ ನಿಲ್ಲುವಷ್ಟು ಆಳವಾಗಿದ್ದವು. ಸಂಜೆ ಜಗುಲಿಯ ಮೇಲೆ ಕೂತು, ಜೇನುಮೇಣವನ್ನು ಹರಳೆಣ್ಣೆಯಲ್ಲಿ ಕರಗಿಸಿ, ಗೋಡೆಗೆ ಗಾರೆ ಮೆತ್ತುವವರ ಹಾಗೆ ಬಿರುಕಿಗೆ ತುಂಬಿಕೊಳ್ಳುತ್ತಿದ್ದರು. ಹನೂರಿನಿಂದ ಪಾಲಾರ್ ಕಡೆಯ ಕಾಡುದಾರಿಯಲ್ಲಿ ಟಪಾಲು ಚೀಲ ಹೊತ್ತು ಓಡುವುದು ಅವರ ಕೆಲಸ. ನಮ್ಮ ಸೀಮೆ ಮದ್ರಾಸಿಗೆ ಸೇರಿದ್ದ ಕಾಲ ಅದು. ಊರೆಲ್ಲ ಅವರನ್ನು ಟಪಾಲು ತಾತ ಎನ್ನುತ್ತಿತ್ತು.

ಅವರಿಗೆ ನಿಧಾನವಾಗಿ ನಡೆಯಲು ಬರುತ್ತಿರಲಿಲ್ಲ. "ಧಾರೆಗೂ ಓಡ್ಕಂಡೇ ಬಂದಿದ್ರು ಕಣಪ್ಪ, ಯಾರೋ ಅಟ್ಟುಸ್ಕಂಡು ಬತ್ತಾವ್ರೆ ಅಂದ್ಕಂಡೆ" ಎಂದು ತಮ್ಮ ಮದುವೆ ನೆನೆದು ತಾತನ ಮನೆಯ ಅಜ್ಜಿ ನಗುತ್ತಿದ್ದರು.

ನಾನಾಗ ಮೈಸೂರಿನ ಕಾಲೇಜಿಗೆ ಹೆದರಿ ಓದು ಬಿಟ್ಟು ಬಂದವನು. ಕೊಳ್ಳೇಗಾಲದಲ್ಲಿ ಅಪ್ಪನ ಮುಖ ನೋಡಲಾಗದೆ ಹನೂರಿನ ಸೋದರಮಾವನ ಮನೆ ಸೇರಿದ್ದೆ. ಅತ್ತೆ ಹೊತ್ತುಹೊತ್ತಿಗೆ ಬಡಿಸುತ್ತಿದ್ದರು. ನಾನು ಹೊತ್ತುಹೊತ್ತಿಗೆ ಚಿಂತಿಸುತ್ತಿದ್ದೆ. ಏನು ಮಾಡಬೇಕೆಂದು ಗೊತ್ತಿರಲಿಲ್ಲ. ಆರು ತಿಂಗಳಲ್ಲಿ ತೂಕವಂತೂ ಹೆಚ್ಚಿತು.

ಪಕ್ಕದ ಮನೆಯಲ್ಲೇ ಇದ್ದ ಟಪಾಲು ತಾತ ಒಂದು ದಿನ ಕೆರೆ ಏರಿಯಲ್ಲಿ ಜಾರಿ ಕಾಲು ಉಳುಕಿಸಿಕೊಂಡರು. ಬದಲಿ ಆಳನ್ನು ಕಳಿಸದಿದ್ದರೆ ಅವರ ಕೆಲಸ ಇನ್ನೊಬ್ಬರ ಪಾಲು. ಊದಿದ ಕಾಲು ಚಾಚಿಕೊಂಡು ನನ್ನನ್ನೇ ನೋಡಿದರು.

"ನಾಳಿಂದ ನೀನೋಗ್ಲಾ."

"ಆನೆ ಬಂದ್ರೆ, ತಾತ?"

"ಬಂದ್ರೆ ಅದರ ಪಾಡಿಗೆ ಅದು ಓಯ್ತದೆ. ನಿನ್ನ ಪಾಡಿಗೆ ನೀನೋಗು."

ದಾರಿಯ ನಡುವೆ ಒಂದು ಹುಣಸೇಮರ. ಆಚೆಯಿಂದ ಪಾಲಾರ್ ಕಡೆಯ ಮುದುಕ ಅಲ್ಲಿಗೆ ಬರಬೇಕು, ಈಚೆಯಿಂದ ನಾನು. ಚೀಲ ಬದಲಿಸಿಕೊಂಡು ಇಬ್ಬರೂ ವಾಪಸು. ತಾತ ಕೊಟ್ಟ ಕೋಲಿನ ತುದಿಯಲ್ಲಿ ಗೆಜ್ಜೆಯ ಗೊಂಚಲಿತ್ತು. ಊರು ದಾಟಿದೊಡನೆ ನನ್ನ ಬುದ್ಧಿ ಚುರುಕಾಯಿತು: ಇಷ್ಟು ಸದ್ದು ಮಾಡಿದರೆ ಆನೆಗೆ ನಾನೇ ಕರೆ ಕಳಿಸಿದಂತಲ್ಲವೇ? ಹೆಗಲ ಟವಲು ತೆಗೆದು ಗೆಜ್ಜೆಗೆ ಬಿಗಿಯಾಗಿ ಸುತ್ತಿದೆ. ಕಳ್ಳಬೆಕ್ಕಿನಂತೆ ಹೋಗುತ್ತಿದ್ದವನು ಒಂದು ತಿರುವಿನಲ್ಲಿ ಸಲಗದ ಎದುರಿಗೇ ನಿಂತಿದ್ದೆ. ಅದೂ ಬೆಚ್ಚಿತು. ಅದರ ಘೀಳಿಗೆ ನಾನು ಚೀಲಸಮೇತ ಹನೂರಿನ ತನಕ ಓಡಿದೆ; ತಾತನೂ ಅಷ್ಟು ಜೋರಾಗಿ ಎಂದೂ ಓಡಿರಲಾರರು.

ತಾತ ಮೊದಲು ನೋಡಿದ್ದು ಕೋಲನ್ನು.

"ಇದ್ಯಾಕ್ಲಾ, ಗೆಜ್ಜೆಗೆ ಬಟ್ಟೆ ಉಡ್ಸಿದ್ದೀಯೆ?"

"ಆನೆಗೆ ಕೇಳ್ಬಾರ್ದು ಅಂತ."

ಅವರು ನಗಲಿಲ್ಲ. "ಕೇಳ್ಲಿ ಅಂತ್ಲೇ ಕಟ್ಟಿರೋದು ಕಣ್ಲಾ. ಬತ್ತಾವ್ನೆ ಅಂತ ಗೊತ್ತಾದ್ರೆ ಅದೇ ದಾರಿ ಬುಡ್ತದೆ. ಕದ್ದು ಓಗೋನ್ಗೇ ಕಾಡು ಕಷ್ಟ." ಟವಲನ್ನು ಬಿಚ್ಚಿ ನನ್ನ ಹೆಗಲಿಗೆ ಹಾಕಿದರು. "ಏಳು. ಅವ್ನು ಅಲ್ಲೇ ಕುಂತಿರ್ತಾನೆ. ಚೀಲ ಸಿಗೋಗಂಟ ಏಳಕಿಲ್ಲ."

ಆ ಕೊನೆಯ ಮಾತು ನನ್ನನ್ನು ಎಬ್ಬಿಸಿತು. ಕಾಡಿನ ನಡುವೆ, ನಾನು ಮುಖ ನೋಡಿರದ ಒಬ್ಬ ಮುದುಕ ನನಗಾಗಿ ಕೂತಿದ್ದಾನೆ. ಅಲ್ಲಿಯವರೆಗೆ ಯಾರೂ ಯಾವುದಕ್ಕೂ ನನ್ನ ದಾರಿ ಕಾದಿರಲಿಲ್ಲ. ಕೋಲನ್ನು ನೆಲಕ್ಕೆ ಕುಟ್ಟುತ್ತ ಮತ್ತೆ ಹೊರಟೆ. ಗೆಜ್ಜೆ ನಿಲ್ಲದಂತೆ ಓಡಿದೆ. ಆ ತಿರುವಿನಲ್ಲಿ ಲದ್ದಿ ಮಾತ್ರ ಬಿದ್ದಿತ್ತು.

ಹೊತ್ತು ಇಳಿಯುವಾಗ ಹುಣಸೇಮರ ಕಂಡಿತು. ಮುದುಕ ಆಗಲೇ ಎದ್ದು ನಿಂತಿದ್ದ. "ಬಾ ತಂಬಿ," ಎಂದ, "ಗೆಜ್ಜೆ ಕೇಳ್ತು, ಎದ್ದೆ."

ಮೂರು ವಾರ ಓಡಿದೆ. ಆಮೇಲೆ ಹುಣಸೇಮರದಿಂದಾಚೆ, ಮಲೇರಿಯಾಕ್ಕೆ ಹೆದರಿ ಯಾರೂ ಒಪ್ಪದ ಬೆಟ್ಟದೂರಿನ ಮೇಷ್ಟ್ರ ಕೆಲಸವನ್ನು ನಾನಾಗಿಯೇ ಕೇಳಿ ಪಡೆದೆ. ಧೈರ್ಯಶಾಲಿಯಾದೆ ಎಂದು ಯಾರೂ ತಿಳಿಯಬಾರದು. ಮೊದಲ ತಿಂಗಳೆಲ್ಲ ಜ್ವರ ಬಂದಿದೆಯೇ ಎಂದು ಹಣೆ ಮುಟ್ಟಿ ನೋಡಿಕೊಂಡೇ ಪಾಠ ಮಾಡಿದೆ.

ತಾತ ತೀರಿಕೊಂಡ ಸುದ್ದಿ ಅಲ್ಲಿಗೆ ಟಪಾಲಿನಲ್ಲೇ ಬಂತು, ಮಾವ ಬರೆದ ಕಾರ್ಡು. ಹೊಸ ಓಟಗಾರನ ಗೆಜ್ಜೆ ಕೇಳಿ ನಾನು ಎದ್ದು ಬಾಗಿಲಲ್ಲಿ ನಿಂತಿದ್ದೆ. ಓದಿದವನೇ ಶಾಲೆ ಬಿಟ್ಟು ಹನೂರಿನ ದಾರಿ ಹಿಡಿದೆ. ಕೋಲಿರಲಿಲ್ಲ. ಶಾಲೆಯ ಬೀಗದ ಕೈಗೊಂಚಲನ್ನೇ ಅಲ್ಲಾಡಿಸುತ್ತ ಕಾಡಿನುದ್ದಕ್ಕೂ ಓಡಿದೆ. ಹುಣಸೇಮರದ ಹತ್ತಿರ ಬಂದಾಗ ಬಾಗಿಲಿಗೆ ಬೀಗ ಹಾಕಿದೆನೋ ಇಲ್ಲವೋ ಎಂಬ ಚಿಂತೆ ಹತ್ತಿತು.

ನೋಡಲು ಹಿಂದಿರುಗಲಿಲ್ಲ; ಹನೂರಿನ ಕಡೆಗೇ ಓಡಿದೆ.